ಹಿಮ್ಮಡಿಯ ಕೆಳಗಿನ ಬಟ್ಟೆ

ಹಿರಾಬಾಯಿ ಕೂಲಿಗೆ ಹೋಗುವ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಕಲಕೋಟ ತಾಲೂಕಿನ ಆ ಊರಿನಲ್ಲಿ ತಾಯಂದಿರ ಗುಂಪು ಕಟ್ಟಿದವಳು ಮಾತ್ರ ಅವಳೇ. ಅಂಗನವಾಡಿಗೆ ಮಕ್ಕಳಿಗೆಂದು ಬರುತ್ತಿದ್ದ ಹಿಟ್ಟಿನ ಪೊಟ್ಟಣಗಳು ಎಮ್ಮೆಯ ಹೊಟ್ಟೆ ಸೇರುತ್ತಿದ್ದವು. ಗ್ರಾಮಸಭೆಯಲ್ಲಿ ಒಂದು ಪೊಟ್ಟಣ ಒಡೆದು ಸರಪಂಚ ಶಿವರಾಯನ ಮುಂದಿಟ್ಟಳು.

"ಅಣ್ಣಾರ, ಒಂದ್ ಮುಕ್ಕ ತಿಂದ್ ತೋರಿಸ್ರಿ ನೋಡೋಣು."

ಊರು ನಕ್ಕಿತು, ಶಿವರಾಯ ತಿನ್ನಲಿಲ್ಲ. ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಮಕ್ಕಳಿಗೆ ಪಂಚಾಯಿತಿಯ ಖರ್ಚಿನಲ್ಲಿ ಅಂಗನವಾಡಿಯ ತಟ್ಟೆಗೆ ದಿನಕ್ಕೊಂದು ಮೊಟ್ಟೆ, ಒಂದು ಬಾಳೆಹಣ್ಣು ಎಂದು ಠರಾವಾಯಿತು. ಅಳೆಯುವವರು ತಾಯಂದಿರೇ, ಅಳತೆಯ ಕಾಗದಕ್ಕೆ ಹೆಬ್ಬೆಟ್ಟೂ ಅವರದೇ.

ಗಿಡ್ಡ ಮಕ್ಕಳ ಪಟ್ಟಿಯಲ್ಲಿ ಹಿರಾಬಾಯಿಯ ಮೊಮ್ಮಗಳು ಸೋನುವೂ ಇದ್ದಳು. ಅವಳ ತಾಯಿ ಮನೀಷಾ ಬೆಳಗಿನ ಬಸ್ಸಿಗೆ ಸೋಲಾಪುರದ ಟವೆಲ್ ಕಾರ್ಖಾನೆಗೆ ಹೋದರೆ ಕತ್ತಲಾದ ಮೇಲೇ ಬರುವುದು. ಎರಡು ತುಂಬಿದರೂ ಗೋಡೆ ಹಿಡಿದೇ ನಡೆಯುತ್ತಿದ್ದ ಸೋನು, ನಾಲ್ಕು ತಿಂಗಳು ಮೊಟ್ಟೆ ತಿಂದ ಮೇಲೆ ಅಂಗಳದಲ್ಲಿ ಓಡಿದಳು. ಎತ್ತರ ಇನ್ನೂ ಸಾಲದು. ಮೊಟ್ಟೆ ನಿಲ್ಲಬಾರದು, ಅಷ್ಟೇ ಹಿರಾಬಾಯಿಯ ಹಟ.

ಆಗ ಜಿಲ್ಲೆಯಿಂದ ಸ್ಪರ್ಧೆ ಬಂತು. ಒಂದೂ ಗಿಡ್ಡ ಮಗು ಇಲ್ಲದ ಊರಿಗೆ ಫಲಕ, ಮಂತ್ರಿಯ ಜೊತೆ ಫೋಟೊ. ಹಸಿದ ಮಕ್ಕಳಿಗೂ ಪಂದ್ಯ ಕಟ್ಟುವ ಬುದ್ಧಿವಂತರು ನಮ್ಮಲ್ಲಿ ಕಡಿಮೆಯೇ! ಶಿವರಾಯ ತಾಯಂದಿರನ್ನು ಕೂರಿಸಿಕೊಂಡ.

"ಊರ ಹೆಸರ ಕೆಟ್ರ ನಾಳೆ ನಿಮ್ಮ ಹುಡುಗ್ಯಾರ್ನ ಯಾರ ಮಾಡ್ಕೋತಾರವಾ?"

ಆ ಮಾತು ನಾಟಿತು. ಅಳತೆಯ ದಿನ ಚಂದ್ರಭಾಗಾ ತನ್ನ ಮಗಳ ಹಿಮ್ಮಡಿಯ ಕೆಳಗೆ ಮಡಿಸಿದ ಬಟ್ಟೆ ಸರಿಸಿ, ಸೆರಗು ಮುಚ್ಚಿ ನಿಂತಳು. ಅವಳನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಅಂಗನವಾಡಿಯ ಉಜ್ವಲಾ ಕಿಟಕಿಯಾಚೆ ನೋಡುತ್ತಿದ್ದಳು.

ಕೊನೆಗೆ ಉಳಿದದ್ದು ಸೋನು.

"ಏನ್ ಹಿರಾ ಮಾವಶಿ, ಅಧ್ಯಕ್ಷಿಣಿ ಮೊಮ್ಮಗಳೊಬ್ಬಾಕಿನ ಗಿಡ್ಡೇನ?" ಚಂದ್ರಭಾಗಾ ಕಿಸಕ್ಕನೆ ನಕ್ಕಳು.

ಸರಪಂಚನನ್ನು ಎದುರಿಸಿದ ಹಿರಾಬಾಯಿಗೆ ಆ ನಗು ಎದುರಿಸಲಾಗಲಿಲ್ಲ. ಬಟ್ಟೆಯನ್ನು ಈಸಿಕೊಂಡು ತಾನೇ ಸೋನುವಿನ ಕಾಲಡಿ ಇಟ್ಟಳು, ಹೆಬ್ಬೆಟ್ಟು ಒತ್ತಿದಳು.

ಫಲಕ ಬಂದ ವಾರವೇ ಮೊಟ್ಟೆ ನಿಂತಿತು. ಹಿರಾಬಾಯಿ ಪಂಚಾಯಿತಿಗೆ ಓಡಿದಳು.

"ಗಿಡ್ಡ ಕೂಸ ಒಂದೂ ಇಲ್ಲಂತ ನೀವ ಬರಸೀರಿ," ಶಿವರಾಯ ಕಾಗದ ತಿರುಗಿಸಿ ತೋರಿಸಿದ. "ಇನ್ನ ತತ್ತಿ ಯಾರಿಗಿ ಕೊಡ್ಲಿ? ನನಗೇನ?"

"ತಪ್ಪಾಗೇತ್ರಿ ಅಣ್ಣಾರ. ಮತ್ತ ಅಳೀತೀವಿ."

"ಅಳೀರಿ. ಎಲ್ಲಾರ ಹೆಬ್ಬಟ್ಟ ತಗೊಂಡ ಬರ್ರಿ."

ಅವಳು ಮನೆಮನೆ ತಿರುಗಿದಳು. ಬಡವರ ಕೈಗೆ ಅಧಿಕಾರ ಕೊಟ್ಟೆವೆಂದು ಭಾಷಣ ಬಿಗಿಯುವವರು ಆ ಓಣಿಯಲ್ಲಿ ಅವಳ ಹಿಂದೆ ಹತ್ತು ಹೆಜ್ಜೆ ನಡೆಯಬೇಕಿತ್ತು. ಚಂದ್ರಭಾಗಾ ಹೊಸ್ತಿಲು ದಾಟಿ ಬರಲಿಲ್ಲ.

"ಬಿಡ ಮಾವಶಿ. ನನ್ನ ಮಗಳನ್ನ ಗಿಡ್ಡಿ ಅಂತ ನಾನ ಬರಸ್ಲೇನು? ಆಕಿ ಚಲೋ ಅದಾಳ."

ಆ ಮಗು ಅವಳ ಸೊಂಟದ ಮೇಲೆ ಬಾಯಲ್ಲಿ ಬೆರಳಿಟ್ಟುಕೊಂಡು ಕೂತಿತ್ತು. ಮೂರು ವರ್ಷದ್ದು, ವರ್ಷದ ಕೂಸಿನಂತಿತ್ತು.

ಮರುದಿನ ಹಿರಾಬಾಯಿ ಸೋನುವನ್ನೊಬ್ಬಳನ್ನೇ ಎತ್ತಿಕೊಂಡು ಅಂಗನವಾಡಿಗೆ ಹೋದಳು. ಉಜ್ವಲಾ ಅಳತೆಪಟ್ಟಿ ತೆಗೆಯಲಿಲ್ಲ.

"ಒಂದ ಕೂಸಿನ ಸಲುವಾಗಿ ಠರಾವ್ ಆಗಂಗಿಲ್ಲ ಮಾವಶಿ. ಮುಂದಿನ ಅಳತಿ ಆರ ತಿಂಗಳಿಗಿ."

"ಅಲ್ಲೀತನಕ ತತ್ತಿ?"

ಉಜ್ವಲಾ ಸೋನುವಿನ ತಟ್ಟೆಗೆ ಖಿಚಡಿ ಹಾಕಿದಳು. ಸೋನು ಕೈಯಿಂದ ಖಿಚಡಿ ಕೆದಕಿ ಹುಡುಕಿ, ತಟ್ಟೆ ದೂಡಿ ಅತ್ತಳು.