ಏಳನೆಯ ಚೌಕದ ಹುಚ್ಚೆಳ್ಳು

ಮೇಡಂ, ಏಳನೆಯ ಚೌಕಕ್ಕೆ ಹುಚ್ಚೆಳ್ಳನ್ನು ಹಕ್ಕಿಗಳು ತರಲಿಲ್ಲ. ನಾನೇ ಬಿತ್ತಿದ್ದೆ. ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು — ಇವತ್ತು ಬರೆದೇಬಿಡುತ್ತೇನೆ.

ಚಂದಾಪುರದಾಚೆಯ ಹಳೇ ಕಲ್ಲುಕ್ವಾರಿಯ ಗುಂಡಿಗೆ ಮಣ್ಣು ತುಂಬಿಸಿ, ಹಸಿರು ಹೇಗೆ ಮರಳುತ್ತದೆಂದು ನೋಡುವ ಕೆಲಸಕ್ಕೆ ನೀವು ನನ್ನನ್ನು ಸೇರಿಸಿಕೊಂಡಿರಿ. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದವಳಿಗೆ ಗಿಡ ಎಣಿಸುವ ಕೆಲಸ! ಎಷ್ಟು ಖುಷಿಪಟ್ಟಿದ್ದೆ. ತುಂಬಿಸಿದ ನೆಲವನ್ನು ಏಳು ಚೌಕ ಮಾಡಿ, ಆರಕ್ಕೆ ಬೀಜ ಹಾಕಿದೆವು. ಏಳನೆಯದನ್ನು ಯಾರೂ ಮುಟ್ಟಬಾರದು, ತಾನಾಗಿ ಏನು ಬರುತ್ತದೋ ನೋಡೋಣ ಎಂದಿರಿ. ಪ್ರತಿ ಸೋಮವಾರ ಮಂಡಿಯೂರಿ ಎಣಿಸಿ ಬರೆಯುತ್ತಿದ್ದೆ. ಆ ಆರರಲ್ಲೂ ಹುಲ್ಲು, ಹುರುಳಿ, ಹೊಂಗೆಯ ಚಿಗುರು. ಏಳನೆಯದರಲ್ಲಿ ಸೊನ್ನೆ. ವರ್ಷ ಕಳೆದರೂ ಸೊನ್ನೆ. ಊಟದ ಪಂಕ್ತಿಯಲ್ಲಿ ಒಬ್ಬರ ಎಲೆಗೆ ಮಾತ್ರ ಬಡಿಸದೆ ಮುಂದೆ ಹೋದಂತೆ... ನನಗೆ ನೋಡಲಾಗುತ್ತಿರಲಿಲ್ಲ.

ಅತ್ತೆ ಚಟ್ನಿಪುಡಿಗೆಂದು ಹುಚ್ಚೆಳ್ಳು ತರಿಸಿದ್ದರು. ಹುರಿಯುವ ಮೊದಲೇ ಒಂದು ಹಿಡಿ ದುಪಟ್ಟಾಗೆ ಗಂಟು ಹಾಕಿಕೊಂಡೆ. ನಮ್ಮದೂ ರಾಗಿ ಹೊಲವಿದ್ದಾಗ ಅದರ ನಡುವೆ ಸಾಲಾಗಿ ಹುಚ್ಚೆಳ್ಳು ಬಿಡುವುದು ಮನೆಯ ಹೆಂಗಸರ ಕೆಲಸ. ಆ ಹೊಲದಲ್ಲೀಗ ಅಪಾರ್ಟ್‌ಮೆಂಟ್ ಇದೆ, ಕೈ ಮಾತ್ರ ಮರೆತಿರಲಿಲ್ಲ. ಮಳೆ ಬಂದ ಮರುದಿನ ಏಳನೆಯ ಚೌಕಕ್ಕೆ ಚೆಲ್ಲಿಬಿಟ್ಟೆ.

"ಚಟ್ನಿಪುಡಿ ಯಾಕಿಷ್ಟು ಕಮ್ಮಿ ಆಯ್ತು? ಇಲಿ ಗಿಲಿ ಬಂದವಾ?" ಎಂದು ಅತ್ತೆ ಗೊಣಗಿದರು. ಇಲಿ ಅವರೆದುರೇ ಕೂತು ಅನ್ನ ಕಲಸುತ್ತಿತ್ತು.

ದೀಪಾವಳಿ ಹೊತ್ತಿಗೆ ಚೌಕದ ತುಂಬ ಹಳದಿ ಹೂ, ಜೇನುನೊಣಗಳ ಗದ್ದಲ! ಸೀರೆಯ ನೆರಿಗೆ ಎಂದೂ ಕದಲಿಸದ ನೀವು ಚಪ್ಪಲಿ ಬಿಟ್ಟು ಓಡಿಬಂದಿರಿ. ಖುಷಿಗೆ ನಿಮ್ಮ ದಾವಣಗೆರೆ ಮಾತು ಹೊರಬಿತ್ತು.

"ಭಾಗ್ಯಾ, ನೋಡಿಲ್ಲಿ! ಹಕ್ಕಿ ತಂದು ಹಾಕ್ಯಾವೆ! ಯಾರೂ ಬಿತ್ತಿಲ್ಲ ಹೌದಲ್ಲ?"

"ಇಲ್ಲ ಮೇಡಂ, ಯಾರೂ ಬಿತ್ತಿಲ್ಲ."

ಹಾಗೆಂದವಳು ನಾನೇ. ಸುಳ್ಳು ಹೇಳಿದ ಮೇಲೂ ನಿಮ್ಮ ಜೊತೆ ನಕ್ಕೆ, ಆ ನಗು ಮಾತ್ರ ಸುಳ್ಳಲ್ಲ — ಅಷ್ಟು ಚೆಂದವಿತ್ತು. ನೀವು ನನ್ನ ಎಣಿಕೆಯ ಪುಸ್ತಕ ತೆಗೆದುಕೊಂಡು, ಬೀಜ ಎಲ್ಲಿಂದ ಬಂತೆಂಬ ಕಾಲಂನಲ್ಲಿ ‘ಹಕ್ಕಿ’ ಎಂದು ಬರೆದಿರಿ. ಸುತ್ತ ಹುಚ್ಚೆಳ್ಳಿನ ಹೊಲ ಒಂದೂ ಉಳಿದಿಲ್ಲವೆಂದು ನನಗೆ ಗೊತ್ತಿತ್ತು.

ಆ ಒಂದು ಪದವನ್ನು ನಂಬಿ ನೀವು ಕ್ವಾರಿಯ ಎರಡನೇ ಗುಂಡಿಗೆ ಬೀಜ ಬೇಡವೆಂದಿರಿ, ಹಕ್ಕಿಗಳಿಗೆ ಬಿಟ್ಟುಬಿಡೋಣ ಎಂದಿರಿ. ಎರಡು ಮಳೆಗಾಲ ಹೋದವು. ಅದು ಬೋಳಾಗಿಯೇ ಇದೆ, ತುಂಬಿಸಿದ ಮಣ್ಣು ಕೊಚ್ಚಿ ಹೋಗುತ್ತಿದೆ. "ನಂದೇ ಏನೋ ತಪ್ಪಾಗೈತಿ" ಎಂದು ನೀವು ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಿರಿ. ಪಕ್ಕದಲ್ಲೇ ನಿಂತಿದ್ದ ನಾನು — ಆಗಲೂ ಬಾಯಿ ಬಿಡಲಿಲ್ಲ. ಹೂ ನೆನೆದರೆ ಇವತ್ತಿಗೂ ಖುಷಿಯಾಗುತ್ತದೆ, ಆ ದಿನ ನೆನೆದರೆ ನಾಚಿಕೆಯಾಗುತ್ತದೆ.

ನಾಳೆ ಮೂರನೇ ಗುಂಡಿಯ ತೀರ್ಮಾನ. ಅದೂ ಬೋಳಾಗುವುದು ಬೇಡ. ಸಭೆಗೆ ಮೊದಲೇ ಈ ಕಾಗದ ಮತ್ತು ಪುಸ್ತಕ ನಿಮ್ಮ ಮೇಜಿನ ಮೇಲಿರುತ್ತವೆ. ಕೆಲಸದಿಂದ ತೆಗೆದರೆ ತೆಗೆಯಿರಿ; ಬಿತ್ತುವ ದಿನ ಮಾತ್ರ ಕರೆಯಿರಿ, ಕೂಲಿ ಬೇಡ. ಅಂದಹಾಗೆ, ಏಳನೆಯ ಚೌಕದಲ್ಲಿ ಈ ಸಲವೂ ಮೊಗ್ಗು ಬಂದಿದೆ — ಉದುರಿದ ಬೀಜದಿಂದ, ಈಗ ನಿಜವಾಗಿಯೂ ತಾನಾಗಿ. ಅದನ್ನು ಎಣಿಸಿ ಬರೆದು, ಹಳೆಯ ಪುಟಕ್ಕೆ ಹೋದೆ. ‘ಹಕ್ಕಿ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದೆ.