ನಾಲ್ಕು ಸೂಜಿಗೆ ಒಂದು ಎಮ್ಮೆ

ನನಗಾಗ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಊರಿಗೆಲ್ಲ ಒಂದು ಸುಳ್ಳು ಹೇಳಿಕೊಂಡು ತಿರುಗುತ್ತಿದ್ದರು. “ಏನಿಲ್ಲ, ಕಿಡ್ನ್ಯಾಗ ಸ್ಟೋನ್ ಆಗ್ಯಾವು.”

ಊರು ಬಿಡುತ್ತದೆಯೇ? ಒಬ್ಬರು ಹುರುಳಿ ಕಟ್ಟು ತಂದರು, ಒಬ್ಬರು ಬಾಳೆದಿಂಡಿನ ರಸ ತಂದರು. ಇವರು ಎಲ್ಲವನ್ನೂ ಕುಡಿದರು. ನಿಜ ಮಾತ್ರ ಬಾಯಿಗೆ ಬರಲಿಲ್ಲ.

ನಿಜ ಏನೆಂದರೆ ಪ್ರಾಸ್ಟೇಟ್ ಕ್ಯಾನ್ಸರ್. ಗಂಡಸರಿಗಷ್ಟೇ ಇರುವ, ಮೂತ್ರಚೀಲದ ಕೆಳಗಿನ ಗ್ರಂಥಿಯದು. ಎಲುಬಿಗೂ ಹಬ್ಬಿತ್ತು. ಹುಬ್ಬಳ್ಳಿಯ ಡಾಕ್ಟರಬಾಯಿ, ನಮ್ಮ ಮೊಮ್ಮಗಳ ವಯಸ್ಸಿನವಳು, ಸುತ್ತಿ ಬಳಸದೆ ಹೇಳಿದಳು. “ಅಜ್ಜಾರ, ಇದನ್ನ ಪೂರ್ತಿ ಕಿತ್ತ ಹಾಕಾಕ ಬರೂದಿಲ್ಲ. ಗಂಡಸರ ಹಾರ್ಮೋನ್ ಅಂದ್ರ ಇದಕ್ಕ ಮೇವು. ಮೇವು ನಿಲ್ಲಿಸಿದ್ರ ಇದು ಅಡಗತೈತಿ, ನೀವು ಆರಾಮ ಇರ್ತೀರಿ.”

ಮೇವು ನಿಲ್ಲಿಸಲು ಮೂರು ತಿಂಗಳಿಗೊಂದು ಸೂಜಿ. ಬದುಕಿರುವ ತನಕ. ದುಡ್ಡು ನಮ್ಮದೇ. ನಾನು ಲೆಕ್ಕ ಹಾಕಿದೆ (ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ದನದ ಲೆಕ್ಕವಷ್ಟೇ ಬರುತ್ತದೆ). ವರ್ಷಕ್ಕೆ ನಾಲ್ಕು ಸೂಜಿ, ನಾಲ್ಕು ಸೂಜಿಗೆ ಒಂದು ಎಮ್ಮೆ. ನಮ್ಮಲ್ಲಿದ್ದದ್ದು ಒಂದು ಎಮ್ಮೆ, ಎರಡು ಎತ್ತು. ಹಾಗಾದರೆ ಇವರ ಆಯುಷ್ಯ ಮೂರ್ನಾಲ್ಕು ವರ್ಷವೇ?

“ಇದಕ್ಕಿಂತ ಸೋವಿ ದಾರಿ ಇಲ್ಲೇನ್ರಿ ಬಾಯಾರ?” ಎಂದೆ. (ಬಾಳೆಹಣ್ಣು ಕೊಳ್ಳಲು ಮೂರು ಗಾಡಿಯಲ್ಲಿ ದರ ಕೇಳುತ್ತೇವೆ. ದವಾಖಾನೆಯಲ್ಲಿ ಕೇಳಲು ನಾಚಿಕೆ ಏಕೆ?)

ಇತ್ತು. ಸಣ್ಣ ಆಪರೇಷನ್. ಒಂದೇ ಸಲ, ಸರಕಾರಿ ಕಾರ್ಡಿನಲ್ಲೇ ಪುಕ್ಕಟೆ. ಹಾರ್ಮೋನ್ ಹುಟ್ಟುವ ಬೀಜಗಳನ್ನೇ ತೆಗೆದುಬಿಡುವುದು. ಇವರ ಮಟ್ಟಿಗೆ ಎರಡೂ ದಾರಿಯ ಗುಣ ಒಂದೇ ಎಂದಳು.

ಯಜಮಾನರು ಎದ್ದು ನಿಂತರು. “ನಾ ಏನ್ ಹೋರಿ ಏನ್?”

ಮನೆಗೆ ಬಂದವರೇ “ಎತ್ತು ಮಾರತೇನಿ, ಸೂಜೀನಽ ಹಾಕಿಸ್ಕೋತೇನಿ” ಎಂದರು. ಎತ್ತು ಹೋದರೆ ಹೊಲ ಯಾರು ಹರಗಬೇಕು? ಎತ್ತಿನ ದುಡ್ಡು ತೀರಿದ ಮೇಲೆ ಸೂಜಿ ಎಲ್ಲಿಂದ ಬರಬೇಕು? ಕೇಳಿದರೆ ಸಿಟ್ಟು.

ಮುಂದಿನ ವಾರ ದನದ ವ್ಯಾಪಾರಿ ಮೌಲಾಸಾಬ ಬಂದ. ಎತ್ತಿನ ಹಲ್ಲು ನೋಡಿದ, ಬೆನ್ನು ಸವರಿದ. “ಕಾಕಾ, ಬೀಜ ಸರಿ ಒಡಿಸೀರಿಲ್ಲೋ?” ಎಂದ. ಕೊಳ್ಳುವವರು ಕೇಳುವ ಮಾತೇ ಅದು. ಬೀಜ ಒಡಿಸದ ಹೋರಿ ನೊಗಕ್ಕೆ ಬಗ್ಗುವುದಿಲ್ಲ.

ದನದ ಮಾತು ಬಂತೆಂದರೆ ಇವರಿಗೆ ಮೈಮೇಲೆ ಎಚ್ಚರವಿರುವುದಿಲ್ಲ. “ಏ, ನಾನಽ ಮುಂದ ನಿಂತು ಒಡಿಸೇನಿ. ಅಂಜೂದೇನೈತಿ ಅದರಾಗ? ಒಂದ ಗಳಿಗಿ ಬ್ಯಾನಿ. ಎಂಟ ದಿನಕ್ಕ ಮೇವು ಹೊಡದು ಗಟ್ಟಿಯಾಗಿ ನಿಂತಾವು. ಆಯುಷ್ಯ ಹೆಚ್ಚಾಗತೈತಿ ನೋಡು.”

ನಾನು ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದೆ. “ಹೌದೇನ್ರಿ? ಇನ್ನೊಮ್ಮೆ ಹೇಳ್ರಿ, ಕೇಳಸಲಿಲ್ಲ.”

ಇವರ ಕೈ ತಾನಾಗಿ ಧೋತರದ ಗಂಟಿಗೆ ಹೋಯಿತು. ಮೌಲಾಸಾಬ ನನ್ನ ಮುಖ ನೋಡಿದ, ಇವರ ಮುಖ ನೋಡಿದ. “ಯಾಕ ಕಾಕಾ, ಸ್ಟೋನ್ ಚುಚ್ಚಿತೇನ?”

ನನಗೆ ನಗು ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಇವರಿಗೂ. ಎತ್ತಿನ ಬೆನ್ನ ಮೇಲೆ ಕೈಯೂರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹೋಗಪಾ ಮೌಲಾ, ಎತ್ತು ಕೊಡಂಗಿಲ್ಲ. ಈಕಿ ಹೇಳಿದ ಕೆಲಸಕ್ಕ ಹುಬ್ಬಳ್ಳಿಗೆ ಹೋಗೂದೈತಿ.”

ಹೋದೆವು, ಬಂದೆವು. ಈಗ ಎಮ್ಮೆ ಇದೆ, ಎತ್ತು ಇವೆ, ಇವರೂ ಇದ್ದಾರೆ. ಮೀಸೆ ಇದೆ. ಬೈಯುವ ದನಿಯೂ ಇದೆ. ಓದುವ ಗಂಡಸರೇ, ನಿಮಗೆ ಯಾವ ದಾರಿ ಎಂದು ನಿಮ್ಮ ಡಾಕ್ಟರೇ ಹೇಳಲಿ. ಆದರೆ ನಿಮ್ಮ ಅಂಜಿಕೆಗೆ ಮನೆಯ ಎಮ್ಮೆ ಏಕೆ ಹೋಗಬೇಕು?

ಆಪರೇಷನ್ ಆದ ತಿಂಗಳಿಗೆ ಒಂದೇ ತಕರಾರು ಬಂತು. ಮಧ್ಯಾಹ್ನ ಅಂಗಿ ಕಳಚಿ ಕೂತರು. “ಮೈಯೆಲ್ಲ ಕೆಂಡ ಆಗತೈತಿ ಲೇ. ಒಮ್ಮಿಂದೊಮ್ಮೆ ಬೆವರು. ಜಗತ್ತಿನ್ಯಾಗ ಯಾರಿಗೂ ಹಿಂಗ ಆಗಿರಾಕಿಲ್ಲ.”

“ಮುಟ್ಟು ನಿಂತಾಗ ನನಗೂ ಹಿಂಗಽ ಆಗಿತ್ತು. ಇಪ್ಪತ್ತು ವರ್ಷ ಆತು. ಆಗ ಏನಂದ್ರಿ ನೆನಪೈತೇನು? ‘ಒಲಿ ಮುಂದ ಕುಂತರ ಸೆಕಿ ಆಗದ ಏನ್ ಥಂಡಿ ಆಗತೈತೇನು’ ಅಂದ್ರಿ.”

ಇವರು ಕಳಚಿದ ಅಂಗಿಯಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನವಲಗುಂದಕ್ಕೆ ಹೋಗಿ ಟೇಬಲ್ ಫ್ಯಾನ್ ತಂದೆ. ಕತ್ತು ತಿರುಗಿಸುವಂಥದ್ದು. ಇಪ್ಪತ್ತು ವರ್ಷ ಕಾದವಳಿಗೂ ಒಂದಿಷ್ಟು ಗಾಳಿ ಬೇಡವೇ?