ಮೂರನೇ ಮಾತು ಲಗಮವ್ವಂದು

ಇಳಕಲ್ಲಿನಲ್ಲಿ ಸೀರೆ ನೇಯುವ ಲಗಮವ್ವನಿಗೆ ಸೊಸೆಯ ಹೆಸರು ಪ್ರಿಯದರ್ಶಿನಿ ಎಂಬುದು ಒಂದೇ ಉಸಿರಿಗೆ ಭಾರವಾಯಿತು. ಎರಡು ತುಂಡು ಮಾಡಿಕೊಂಡಳು. ಮನಸ್ಸು ನೆಟ್ಟಗಿದ್ದಾಗ ಪ್ರಿಯಾ, ಸಿಟ್ಟು ಬಂದಾಗ ದರ್ಶಿನಿ. ಓಣಿಯವರಿಗೆ ದರ್ಶಿನಿಯ ದರ್ಶನವೇ ಜಾಸ್ತಿ.

ಸೊಸೆ ಹುಟ್ಟಿದ್ದು ಶ್ರೀಲಂಕಾದಲ್ಲಿ. ಕೈಗೂಸಿದ್ದಾಗ ದೋಣಿಯಲ್ಲಿ ತಮಿಳುನಾಡಿಗೆ ಬಂದು ನಿರಾಶ್ರಿತರ ಶಿಬಿರದಲ್ಲಿ ಬೆಳೆದವಳು. ಮಗ ರಾಹುಲ ಲಾರಿಯಲ್ಲಿ ಗ್ರಾನೈಟ್ ಹೇರಿಕೊಂಡು ಆ ಕಡೆ ಹೋಗುತ್ತಿದ್ದವ, ಒಮ್ಮೆ ಕಲ್ಲಿನ ಜೊತೆ ಮನಸ್ಸನ್ನೂ ಅಲ್ಲೇ ಇಳಿಸಿ ಬಂದ. ಮದುವೆಯಾಗಿ ಕೆಲವು ವರ್ಷಕ್ಕೆ ನೋಟಿಸು ಬಂತು: ಕಾಗದಪತ್ರವಿಲ್ಲದೆ ದೇಶಕ್ಕೆ ಬಂದವಳು, ವಾಪಸು ಹೋಗಬೇಕು. ಹುನಗುಂದದ ಯುನೂಸ ವಕೀಲರು ಹೈಕೋರ್ಟಿಗೆ ಹೋದರು.

ತೀರ್ಪಿನ ದಿನ ಅವರ ಫೋನು ಬಂತು.

"ಯವ್ವಾ, ಇಬ್ಬರು ಜಡ್ಜು. ಒಬ್ರು ಕಳಸ್ರಿ ಅಂದ್ರು, ಇನ್ನೊಬ್ರು ಕಳಸಬ್ಯಾಡ್ರಿ ಅಂದ್ರು."

"ಮತ್ತೀಗ ಹ್ಯಾಂಗ್ರಿ?"

"ಮೂರನೇವ್ರು ಕೇಳಿ ಹೇಳ್ತಾರ. ಅಲ್ಲಿತನಕ ಸೊಸಿ ಮನ್ಯಾಗ ಇರ್ತಾಳ."

ಲಗಮವ್ವನಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಅವಳ ಓಣಿಯ ಪದ್ಧತಿಯೇ ಅದು. ನ್ಯಾಯಕ್ಕೆ ಕುಳಿತ ಹಿರಿಯರಿಬ್ಬರ ಮಾತು ಕೂಡದಿದ್ದರೆ, ಯಾರ ಮನೆಯ ವಿಷಯವೋ ಆ ಮನೆಯ ಹಿರಿಯ ಹೆಂಗಸನ್ನು ಕೇಳುತ್ತಾರೆ. ಅವಳು ಅಂದದ್ದೇ ಆಖೈರು. ಮರುದಿನವೇ ಮಗ್ಗ ನಿಲ್ಲಿಸಿ, ಅಂಗಳ ಸಾರಿಸಿ, ಒಳ್ಳೆಯ ಸೀರೆಯುಟ್ಟು ಕಟ್ಟೆಗೆ ಕುಳಿತಳು.

ವಾರದ ಕೊನೆಗೆ ಯುನೂಸ ವಕೀಲರು ಬಂದರು. ಲಗಮವ್ವ ಚಹಾ ಕೊಟ್ಟು, ಅವರ ಬೆನ್ನ ಹಿಂದೆ ಇಣುಕಿದಳು.

"ಜಡ್ಜ್ ಸಾಹೇಬ್ರು ಎಲ್ಲ್ಯದಾರ್ರಿ?"

"ಅವರ್ಯಾಕ ಬರ್ತಾರಬೇ ಇಲ್ಲಿ?"

"ನನ್ನ ಕೇಳಾಕ!"

ವಕೀಲರು ನಕ್ಕ ರಭಸಕ್ಕೆ ಚಹಾ ಮೂಗಿಗೇರಿತು. ಮುದುಕಿಯ ಮುಖ ನೋಡಿ ನಗು ತಾನಾಗಿ ಇಳಿಯಿತು. "ಅವರು ಬರಂಗಿಲ್ಲ ಯವ್ವಾ. ಆದ್ರ ನೀ ಹೇಳಿದ್ದನ್ನ ಬರಕೊಂಡು ಅವರ ಮುಂದ ಇಡ್ತೇನಿ. ಹೇಳು, ಸೊಸಿ ಎಂಥಾಕಿ?"

"ಸಾರಿಗೆ ಹುಣಸಿಹಣ್ಣು ಸುರೀತಾಳ. ರೊಟ್ಟಿ ಬಡದ್ರ ಲಂಕಾದ ನಕಾಶಿ ಆಗತೈತಿ. ನನ್ನ ಮೊಣಕಾಲಿಗೆ ಎಣ್ಣಿ ತಿಕ್ಕಿದ್ರ ಚರ್ಮಾನ ಸುಲೀತಾಳ್ರಿ."

"ಅತ್ತೀ, ನಿನ್ನಿ ತಿಕ್ಕಲಿಲ್ಲಂತ ಬೈದಿರಿ, ಅದನ್ನೂ ಹೇಳ್ರಿ!" ಅಡುಗೆಮನೆಯಿಂದ ಕೂಗು ಬಂತು.

"ನೀ ಸುಮ್ಕಿರ್ಬೇ!"

ವಕೀಲರು ಪೆನ್ನು ಕೆಳಗಿಟ್ಟರು. "ಇದನ್ನ ಬರದ್ರ ಮೂರನೇವ್ರು ನಾಳೇನ ಹಡಗ ಹತ್ತಸ್ತಾರ ನೋಡು. ಒಂದರ ಚಲೋ ಮಾತು ಹೇಳು."

"ಚಲೋ ಮಾತು ಬೀಗರಿಗೆ ಆಡ್ತೇವ್ರಿ, ಮನಿ ಮಗಳಿಗ್ಯಾಕ?" ಲಗಮವ್ವ ಮುಖ ಆಚೆ ತಿರುಗಿಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಕಿ ಹೋದ್ರ ನಾ ಯಾರ್ನ ಬೈಲಿ? ಹಂಗಂತ ಬರೀರಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ವಕೀಲರು ಪೆನ್ನು ಎತ್ತಿಕೊಂಡು, ಹುಣಸೆಹಣ್ಣಿನಿಂದ ಹಿಡಿದು ಒಂದಕ್ಷರ ಬಿಡದೆ ಬರೆದುಕೊಂಡರು.

"ಇಷ್ಟ ಸಾಕು ಯವ್ವಾ."

"ಎಲ್ಲಿ ಸಾಕ್ರಿ? ಇದು ಬರೇ ಈ ವಾರದ್ದು. ಹ್ವಾದ ವರ್ಷದ್ದು ಕೇಳ್ರಿ, ಕುಂದರ್ರಿ."